ತಿಂದದ್ದನ್ನು ಅಳೆಯುವ ಕಷ್ಟ

ಆಹಾರ ಮತ್ತು ಆರೋಗ್ಯದ ನಂಟನ್ನು ಹುಡುಕುವ ಅಧ್ಯಯನಗಳಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯೆಂದರೆ, ಜನರು ನಿಜವಾಗಿ ಏನು ತಿಂದರು ಎಂಬ ಮಾಹಿತಿಯೇ. ಹಿಂದಿನ 24 ಗಂಟೆಗಳ ಆಹಾರವನ್ನು ನೆನಪಿಸಿಕೊಳ್ಳಿ ಎಂದು ಕೇಳಿದಾಗ ಎರಡನೆಯ ಸಲ ಬಡಿಸಿಕೊಂಡದ್ದು, ನಡುನಡುವೆ ಬಾಯಿಗೆ ಹಾಕಿಕೊಂಡ ಕುರುಕಲು, ಅಡುಗೆಗೆ ಬಳಸಿದ ಎಣ್ಣೆ ಸಾಮಾನ್ಯವಾಗಿ ಲೆಕ್ಕದಿಂದ ಜಾರಿಹೋಗುತ್ತವೆ. ಇದನ್ನು ಸುಳ್ಳೆಂದು ಕರೆಯುವುದು ಅನ್ಯಾಯವಾದೀತು. ಹೈಡ್ರೋಜನ್ ಮತ್ತು ಆಮ್ಲಜನಕದ ಸ್ಥಿರ ಐಸೋಟೋಪುಗಳಿರುವ (ವಿಕಿರಣ ಸೂಸದ, ತೂಕದಲ್ಲಿ ಭಿನ್ನವಾದ ಪರಮಾಣುಗಳಿರುವ) ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗವನ್ನು ಮೂತ್ರದ ಪರೀಕ್ಷೆಯಿಂದ ತಿಳಿದು, ವ್ಯಯವಾದ ಶಕ್ತಿಯನ್ನು ಲೆಕ್ಕ ಹಾಕುವ ವಿಧಾನವೊಂದಿದೆ. ಅದರೊಡನೆ ಹೋಲಿಸಿದ ಬಹುತೇಕ ಅಧ್ಯಯನಗಳಲ್ಲಿ ಜನರು ಹೇಳಿದ ಪ್ರಮಾಣ ವಾಸ್ತವಕ್ಕಿಂತ ಕಡಿಮೆಯಿರುವುದು ಕಂಡುಬಂದಿದೆ. ಸ್ಥೂಲಕಾಯದವರಲ್ಲಿ ಈ ಅಂತರ ಇನ್ನೂ ಹೆಚ್ಚು.

ಕೊರತೆಯ ರೋಗಗಳಲ್ಲಿ ಈ ತೊಡಕು ಅಷ್ಟಾಗಿ ಬಾಧಿಸದು. 1747ರಲ್ಲಿ ನೌಕಾವೈದ್ಯ ಜೇಮ್ಸ್ ಲಿಂಡ್, ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ತಗುಲಿದ್ದ 12 ನಾವಿಕರಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಉಪಚಾರ ನೀಡಿದಾಗ, ಕಿತ್ತಳೆ ಮತ್ತು ನಿಂಬೆ ಪಡೆದ ಇಬ್ಬರು ಬಲುಬೇಗ ಚೇತರಿಸಿಕೊಂಡರು. ಹೃದ್ರೋಗ, ಕ್ಯಾನ್ಸರುಗಳು ಹಾಗಲ್ಲ. ಅವು ದಶಕಗಳ ಕಾಲ ಬೆಳೆಯುತ್ತವೆ.

ಬೀಟಾ ಕ್ಯಾರೊಟೀನಿನ ಪ್ರಕರಣವನ್ನು ಈ ಕ್ಷೇತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕೆಂಬುದು ನನ್ನ ಅಭಿಪ್ರಾಯ. ಈ ಪೋಷಕಾಂಶವಿರುವ ಹಣ್ಣು, ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಹಲವು ವೀಕ್ಷಣಾ ಅಧ್ಯಯನಗಳು (ಜನರ ಆಹಾರವನ್ನು ಬದಲಿಸದೆ ಗಮನಿಸುವಂಥವು) ತೋರಿಸಿದ್ದವು. ಆದರೆ ಫಿನ್‌ಲ್ಯಾಂಡಿನ 29,133 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಮಾತ್ರೆಯನ್ನು ಸೇವಿಸಿದವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂಥದೇ ಮತ್ತೊಂದು ಪ್ರಯೋಗವನ್ನು, ಅಪಾಯದ ಸೂಚನೆ ದೊರೆತದ್ದರಿಂದ, 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ತರಕಾರಿ ಹೆಚ್ಚು ತಿನ್ನುವವರು ಬೇರೆ ರೀತಿಯಲ್ಲಿಯೂ ಆರೋಗ್ಯದ ಕಾಳಜಿ ವಹಿಸುವವರಾಗಿರಬಹುದು. ಆಹಾರದೊಳಗಿನ ಪೋಷಕಾಂಶವೂ ಬೇರ್ಪಡಿಸಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಪೋಷಕಾಂಶವೂ ದೇಹದಲ್ಲಿ ಒಂದೇ ಬಗೆಯಾಗಿ ವರ್ತಿಸಬೇಕಿಲ್ಲ.

ಆಹಾರವನ್ನು ಸಂಶೋಧಕರೇ ತೂಗಿ ಬಡಿಸುವ ಪ್ರಯೋಗಗಳು ಹೆಚ್ಚು ನಂಬಿಕೆಗೆ ಅರ್ಹ. 2019ರ ಅಂಥ ಒಂದು ಪ್ರಯೋಗದಲ್ಲಿ 20 ಮಂದಿ ಅತಿ ಸಂಸ್ಕರಿತ ಆಹಾರದ ಎರಡು ವಾರಗಳಲ್ಲಿ, ಕನಿಷ್ಠ ಸಂಸ್ಕರಿತ ಆಹಾರದ ಎರಡು ವಾರಗಳಿಗಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು. ಅಷ್ಟು ಕಡಿಮೆ ಅವಧಿಯಲ್ಲಿ ತೂಕದ ಬದಲಾವಣೆ ಕಾಣುತ್ತದೆ, ಹೃದಯಾಘಾತದ ಅಪಾಯ ಕಾಣುವುದಿಲ್ಲ. ಯಾರಾದರೂ ಒಂದು ಆಹಾರ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದಾಗ, ಅದು ಯಾವುದರ ಬದಲಿಗೆ ತಟ್ಟೆಗೆ ಬಂದಿದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬೆಣ್ಣೆ, ತುಪ್ಪಗಳಲ್ಲಿ ಹೆಚ್ಚಾಗಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬನ್ನು ಬಿಟ್ಟು ಸಂಸ್ಕರಿಸಿದ ಪಿಷ್ಟ ಮತ್ತು ಸಕ್ಕರೆಯನ್ನು ಹೆಚ್ಚಿಸಿಕೊಂಡವರಿಗೂ ಅದೇ ಜಾಗದಲ್ಲಿ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಎಣ್ಣೆಗಳನ್ನು ಬಳಸಿದವರಿಗೂ ಸಿಗುವ ಫಲ ಒಂದೇ ಅಲ್ಲ.