ತಾಳದ ಒಂದು ಮಾತ್ರೆಯೊಳಗೆ ಎಷ್ಟು ಹೊತ್ತು ಹಿಡಿಯುತ್ತದೆ?

ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಎಂಬ ಹೆಸರಿನ ಬಸ್ಸು ಹತ್ತಿದ್ದು ನೆನಪಿದೆ. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದದ್ದೂ ನೆನಪಿದೆ. ನಡುವೆ ನವನಗರ ಬಂದಿರಬೇಕು. ಉಣಕಲ್ ಕೆರೆಯಂತೂ ಬಂದೇ ಬಂದಿರಬೇಕು, ಅದೇನು ರಸ್ತೆಬದಿಯಿಂದ ಎದ್ದು ಹೋಗುವಂಥದ್ದಲ್ಲ. ಆದರೆ ನನ್ನ ತಲೆಯೊಳಗೆ ಆ ದಿನದ ಕೆರೆ ಇಲ್ಲ. ಅದರ ಹಿಂದಿನ ದಿನದ್ದೂ ಇಲ್ಲ. ನೂರಾರು ಸಲ ದಾಟಿದ ಕೆರೆಗಳೆಲ್ಲ ಸೇರಿ ಒಂದೇ ಮಸುಕು ಕೆರೆಯಾಗಿವೆ.

"ಶೀಗಿ ಹುಣ್ಣಿವಿ ಮೊನ್ನಿ ಮೊನ್ನಿರ ಆಗಿತ್ತಲ್ಲೋ, ಮತ್ತ ಬಂತನ?" ಎಂದು ಅವ್ವ ಕೇಳಿದಾಗ ಹಿಂದೆಲ್ಲ ನಗುತ್ತಿದ್ದೆ. ಈಗ ನಗುವುದಿಲ್ಲ. ಹೋದ ವರ್ಷದ ಆ ಹಬ್ಬಕ್ಕೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದ್ದು (ಭೂಮಿತಾಯಿಗೆ ಎಡೆ ಹರವಿದ್ದು), ಕಡುಬು ಕಟ್ಟಿಕೊಂಡು ಬಂದದ್ದು ನನಗೂ ಮೊನ್ನೆಯದೇ ಅನ್ನಿಸುತ್ತದೆ.

ವಯಸ್ಸಾದಂತೆ ವರ್ಷಗಳು ಗಿಡ್ಡವಾಗುವುದಕ್ಕೆ ಫ್ರಾನ್ಸಿನ ತತ್ವಜ್ಞಾನಿ ಪಾಲ್ ಜಾನೆ 1877ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ. 10 ವರ್ಷದ ಹುಡುಗನಿಗೆ ಒಂದು ವರ್ಷವೆಂದರೆ ಬಾಳಿನ ಹತ್ತನೆಯ ಒಂದು ಪಾಲು, 50ರವನಿಗೆ ಐವತ್ತನೆಯ ಒಂದು ಪಾಲು. ಲೆಕ್ಕ ಚೆಂದವಿದೆ. ಆದರೆ ಅದೇ 50ರವನನ್ನು ದವಾಖಾನೆಯ ಬೆಂಚಿನ ಮೇಲೆ ಕೂರಿಸಿ, ಒಂದು ತಾಸು ಎಷ್ಟು ಉದ್ದ ಎಂದು ಕೇಳಿ ನೋಡಿ.

ನಮ್ಮೊಳಗೆ ಹೊತ್ತನ್ನು ಅಳೆಯುವ ಕೋಲು ಒಂದಲ್ಲ, ಎರಡು. ಹೊತ್ತು ನಡೆಯುತ್ತಿರುವಾಗ ಅಳೆಯುವುದು ಗಮನ. ನಡೆದು ಹೋದ ಮೇಲೆ ಅಳೆಯುವುದು ನೆನಪು. ಗದಗ ಜಂಕ್ಷನ್ನಿಗೆ ಎರಡು ತಾಸು ಮುಂಚೆಯೇ ಹೋಗಿ ಕೂತರೆ (ನನಗೆ ಆ ರೋಗವಿದೆ) ಗಮನವೆಲ್ಲ ಗಡಿಯಾರದ ಮೇಲೆ, ಮುಳ್ಳು ಹಂದುವುದಿಲ್ಲ. ಮನೆಗೆ ಬಂದ ಮೇಲೆ ಆ ಎರಡು ತಾಸಿನ ಬಗ್ಗೆ ಹೇಳಲು ಒಂದು ವಾಕ್ಯವೂ ಇರುವುದಿಲ್ಲ. ಸಿದ್ಧಾರೂಢರ ಜಾತ್ರೆಯ ದಿನ ಇದರ ತಿರುವು ಮುರುವು: ತೇರು, ಮಂದಿ, ಮಿರ್ಚಿ ಭಜಿ ಎನ್ನುವಷ್ಟರಲ್ಲಿ ಸಂಜೆ ಆಗಿರುತ್ತದೆ, ಆದರೆ ಆ ಒಂದು ದಿನವನ್ನು ವಾರಗಟ್ಟಲೆ ಹೇಳಬಹುದು. 'ನಿಧಾನವಾಗಿ ಬದುಕಿ' ಎಂದು ಉಪದೇಶ ಮಾಡುವವರು ಈ ಎರಡರಲ್ಲಿ ಯಾವ ಕೋಲಿನ ಮಾತು ಆಡುತ್ತಿದ್ದಾರೆಂದು ಹೇಳುವುದೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ.

ನೆನಪಿನ ಕೋಲಿನ ಬಗ್ಗೆ ಒಂದು ಎದೆ ನಡುಗಿಸುವ ಪ್ರಯೋಗವಿದೆ. ಅಪಘಾತದ ಹೊತ್ತಿನಲ್ಲಿ 'ಎಲ್ಲಾ ಸಾವಕಾಶ ನಡದಂಗ ಕಾಣಿಸ್ತು' ಎಂದು ಗಾಡಿ ಬಿದ್ದವರು ಹೇಳುವುದನ್ನು ಕೇಳಿದ್ದೇವೆ. ಅದು ನಿಜವೇ ಎಂದು ನೋಡಲು ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಹಿಮ್ಮುಖವಾಗಿ ಬಲೆಯ ಮೇಲೆ ಕೆಡವಿದರು. ಮಣಿಕಟ್ಟಿಗೆ ಒಂದು ಯಂತ್ರ, ಅದರಲ್ಲಿ ಸಾಮಾನ್ಯ ಕಣ್ಣಿಗೆ ಓದಲಾಗದಷ್ಟು ವೇಗವಾಗಿ ಮಿನುಗುವ ಅಂಕಿಗಳು. ಕಾಲ ನಿಜಕ್ಕೂ ನಿಧಾನವಾಗಿದ್ದರೆ ಬೀಳುವಾಗ ಅವನ್ನು ಓದಲು ಬರಬೇಕಿತ್ತು. ಬರಲಿಲ್ಲ. ಆದರೂ ಬೇರೆಯವರು ಬಿದ್ದ ಹೊತ್ತಿಗಿಂತ ತಾವು ಬಿದ್ದ ಹೊತ್ತು 36% ಹೆಚ್ಚು ಉದ್ದವಿತ್ತು ಎಂದೇ ಅವರು ಹೇಳಿದರು. 2007ರಲ್ಲಿ ಪ್ರಕಟವಾದ ಈ ಪ್ರಯೋಗದ ಪ್ರಕಾರ ಕಣ್ಣಿನ ವೇಗ ಬದಲಾಗಿರಲಿಲ್ಲ, ನೆನಪು ದಟ್ಟವಾಗಿತ್ತು. ಭಯದ ಆ ಕ್ಷಣದಲ್ಲಿ ಮಿದುಳು ಸಣ್ಣಪುಟ್ಟದ್ದನ್ನೂ ಬಿಡದೆ ಬರೆದುಕೊಳ್ಳುತ್ತದೆ. ಹಿಂದಿರುಗಿ ನೋಡಿದಾಗ ಪುಟಗಳು ಜಾಸ್ತಿ ಇರುವುದರಿಂದ ಹೊತ್ತೂ ಜಾಸ್ತಿ ಅನ್ನಿಸುತ್ತದೆ.

ಹಾಗಾದರೆ ಏನೂ ಬರೆದುಕೊಳ್ಳದಿದ್ದರೆ? 1962ರ ಜುಲೈ 16ರಂದು 23 ವರ್ಷದ ಫ್ರೆಂಚ್ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಆಲ್ಪ್ಸ್ ಪರ್ವತದ ಒಂದು ಹಿಮಗುಹೆಗೆ ಇಳಿದ. ಗಡಿಯಾರವಿಲ್ಲ, ಬಿಸಿಲಿಲ್ಲ, ಮಾಡಲು ಹೇಳಿಕೊಳ್ಳುವಂಥ ಕೆಲಸವಿಲ್ಲ. ಸಂಗಡಿಗರು ಅವನನ್ನು ಹೊರಗೆ ಕರೆಯುವಾಗ ಸೆಪ್ಟೆಂಬರ್ 14. ಅವನ ದಿನಚರಿಯಲ್ಲಿ ಇನ್ನೂ ಆಗಸ್ಟ್ 20. ಒಂದರಿಂದ 120ರವರೆಗೆ ಸೆಕೆಂಡಿಗೆ ಒಂದರಂತೆ ಎಣಿಸು ಎಂದರೆ 5 ನಿಮಿಷ ತೆಗೆದುಕೊಳ್ಳುತ್ತಿದ್ದ. ಜಗತ್ತಿನಲ್ಲಿ ಅವನಷ್ಟು ನಿವಾಂತವಾಗಿ ಕೂತವರು ಕಡಿಮೆ. ಆದರೂ 25 ದಿನ ಎಲ್ಲಿ ಹೋದವೋ ಅವನಿಗೇ ಗೊತ್ತಾಗಲಿಲ್ಲ. ಎಲ್ಲ ಬಿಟ್ಟು ಹಳ್ಳಿಗೆ ಹೋಗಿ ಸುಮ್ಮನೆ ಕೂರುತ್ತೇನೆ ಎನ್ನುವ ಗೆಳೆಯರಿಗೆ ನಾನು ಈ ಗುಹೆಯ ಕತೆ ಹೇಳುತ್ತೇನೆ.

ನಿಧಾನವೆಂದರೆ ಖಾಲಿಯಲ್ಲ ಎಂಬುದು ನನಗೆ ಸರಿಯಾಗಿ ತಿಳಿದದ್ದು ಪ್ರಯೋಗಾಲಯದಿಂದಲ್ಲ, ತಬಲಾದಿಂದ. ನಮ್ಮ ಸೀಮೆಯಲ್ಲಿ ವಿಲಂಬಿತ ಖಯಾಲಿಗೆ (ಹಿಂದೂಸ್ತಾನಿ ಸಂಗೀತದ ನಿಧಾನಗತಿಯ ಹಾಡಿಕೆಗೆ) ಕಿವಿ ಕೊಡದೆ ಬೆಳೆಯುವುದೇ ಕಷ್ಟ. ಕುಂದಗೋಳದ ಸವಾಯಿ ಗಂಧರ್ವರು, ಅವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಗದಗ ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ: ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಈ ಮೂವರಲ್ಲಿ ಯಾರ ವಿಲಂಬಿತ ಏಕತಾಲವನ್ನಾದರೂ ಹಚ್ಚಿಕೊಂಡು ಕೂಡ್ರಿ. ಏಕತಾಲ ಎಂಬ ತಾಳಕ್ಕೆ 12 ಮಾತ್ರೆ, ಅಂದರೆ 12 ಎಣಿಕೆ. ಅತಿ ವಿಲಂಬಿತದಲ್ಲಿ ಒಂದು ಮಾತ್ರೆಯೇ 4 ಸೆಕೆಂಡು ಹಿಡಿದರೆ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು 48 ಸೆಕೆಂಡು.

ಇಲ್ಲೊಂದು ತೊಡಕಿದೆ. ಎರಡು ಪೆಟ್ಟುಗಳ ನಡುವೆ ಸುಮಾರು 2 ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ನಮ್ಮ ಮಿದುಳಿಗೆ ಅದು ಲಯವಾಗಿ ಕೇಳಿಸುವುದು ನಿಲ್ಲುತ್ತದೆ. ಒಂದು ಸದ್ದು ಆಯಿತು, ಆಮೇಲೆ ಇನ್ನೊಂದು ಆಯಿತು, ಅಷ್ಟೇ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಒಳಗಿನಿಂದ ಗೊತ್ತಾಗುವುದಿಲ್ಲ. ಹಾಗಿದ್ದ ಮೇಲೆ 48 ಸೆಕೆಂಡು ಅಲೆದಾಡಿ ಬಂದ ಗಾಯಕಿ ಕೂದಲೆಳೆಯಷ್ಟೂ ತಪ್ಪದೆ ಸಮ್ ಮೇಲೆ (ಸುತ್ತಿನ ಮೊದಲ ಮಾತ್ರೆಯ ಮೇಲೆ) ಇಳಿಯುವುದು ಹೇಗೆ? ಒಂದೊಂದು ಮಾತ್ರೆಯನ್ನೂ ಒಳಗೆ ನಾಲ್ಕಾಗಿ ಸೀಳಿಕೊಂಡಿರುತ್ತಾರೆ. ತಬಲಾದವನು 'ಧಾಗೆ ತಿರಕಿಟ' ಎಂದು ಸಣ್ಣ ಬೋಲುಗಳನ್ನು ತುಂಬುವುದು ಅಲಂಕಾರಕ್ಕಲ್ಲ. ಆ ತಿರಕಿಟ ತೆಗೆದುಬಿಟ್ಟರೆ ವಿಲಂಬಿತ ಉಸಿರು ಕಟ್ಟಿ ಸಾಯುತ್ತದೆ. ಲಯ ನಿಧಾನವಾದಷ್ಟೂ ಒಳಗಿನ ಎಣಿಕೆ ಸೂಕ್ಷ್ಮವಾಗಲೇಬೇಕು.

'ಸಾವಕಾಶ' ಎಂಬ ನಮ್ಮ ಮಾತಿನಲ್ಲೂ ಇದೇ ಇದೆ. ಬಿಡಿಸಿದರೆ ಸ-ಅವಕಾಶ, ಎಡೆ ಇರುವಂಥದ್ದು. ಸಂಸ್ಕೃತದಲ್ಲಿ ತಕ್ಕ ಸಂದರ್ಭ ಎಂಬ ಅರ್ಥದ 'ಅವಸರ' ಕನ್ನಡಕ್ಕೆ ಬಂದು ಗಡಿಬಿಡಿಯಾಗಿದ್ದು ಯಾಕೋ, ಪಂಡಿತರು ಹೇಳಬೇಕು.

ಈಗ ಸ್ವಲ್ಪ ಬಾಯಿ ಸಿಹಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಧಾರವಾಡಕ್ಕೆ ಕೊಟ್ಟ ಫೇಡೆ, ನಿಧಾನವನ್ನೇ ಉಂಡೆ ಕಟ್ಟಿದ ತಿನಿಸು. ಖವಾವನ್ನು ಸಣ್ಣ ಉರಿಯ ಮೇಲೆ ತಿರುವುತ್ತ ತಿರುವುತ್ತ ಹೋದಂತೆ ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳು ಒಂದಕ್ಕೊಂದು ಕೂಡಿ ಕಂದು ಬಣ್ಣಕ್ಕೆ ತಿರುಗುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮೀಲ್ ಮಯ್ಯಾರ್‌ನ ಹೆಸರೇ ಈ ಕ್ರಿಯೆಗೆ ಇದೆ. ಒಂದೇ ರುಚಿ ಅಲ್ಲ ಅಲ್ಲಿ ಹುಟ್ಟುವುದು. ಹತ್ತು ಹಲವು ಪರಿಮಳದ ಅಣುಗಳು. ಉರಿ ಜೋರು ಮಾಡಿದರೆ ತಳ ಹಿಡಿದು ಸೀದ ವಾಸನೆ, ಮುಗಿಯಿತು. ಇನ್ನು ತಿನ್ನುವಾಗ ಆ ಪರಿಮಳ ತಲುಪುವುದು ನಾಲಿಗೆಗಲ್ಲ, ಬಾಯಿಯ ಹಿಂಬದಿಯಿಂದ ಮೂಗಿಗೆ, ಅದೂ ಉಸಿರು ಹೊರಬಿಡುವಾಗ. ಮೂಗು ಹಿಡಿದು ಒಂದು ಚೂರು ಬಾಯಿಗೆ ಹಾಕಿಕೊಳ್ಳಿ, ಬರೀ ಸಿಹಿ. ಬಿಟ್ಟ ಕ್ಷಣ ಧಾರವಾಡದ ಫೇಡೆ ಅಂಗಡಿಯ ಲೈನ್ ಬಜಾರ್ ಬಂದು ನಿಲ್ಲುತ್ತದೆ. ಮೊಬೈಲ್ ತಿಕ್ಕುತ್ತ ಉಸಿರಾಡಲೂ ಬಿಡುವಿಲ್ಲದೆ ನಾಲ್ಕು ಫೇಡೆ ನುಂಗುವವನಿಗೆ ಸಿಗುವುದು ಸಕ್ಕರೆ ಮಾತ್ರ. ಒಂದೇ ವಾಸನೆ ಬಿಡದೆ ಬಡಿದರೆ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗುವುದರಿಂದ ನಾಲ್ಕನೆಯದು ಹೇಗಿದ್ದರೂ ದಂಡ.

ಮೊಬೈಲ್ ಎಂದೆ. ಫೋಟೊ ತೆಗೆಯುವುದೂ ನೆನಪಿಗೆ ಪೆಟ್ಟು ಎಂದು ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಮ್ಯೂಸಿಯಂ ಒಂದರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ: ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳನ್ನು ಜನ ಕಡಿಮೆ ನೆನಪಿಟ್ಟಿದ್ದರು. ಆದರೆ ವಸ್ತುವಿನ ಒಂದು ಭಾಗವನ್ನಷ್ಟೇ ಹತ್ತಿರ ಎಳೆದು ತೆಗೆದವರಿಗೆ ಆ ನಷ್ಟ ಆಗಲಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋದರೆ ಇಡೀ ಗುಡಿಯನ್ನು ಫೋನಿಗೆ ತುಂಬುವ ಬದಲು ಒಂದು ಕಂಬದ ಒಂದು ಕೆತ್ತನೆ ಹಿಡಿಯಿರಿ. ಅದೂ ತಿರಕಿಟವೇ.

ನಾನೀಗ ಬಸ್ಸಿನಲ್ಲಿ ಮಾಡುವುದು ಇಷ್ಟು. ಕೆರೆ ಬಂದಾಗ ಒಂದೇ ಒಂದು ಸಂಗತಿ ನೋಡುವುದು, ನಿನ್ನೆ ನೋಡದ್ದು. ಒಂದು ದಿನ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ. ಇನ್ನೊಂದು ದಿನ ನೀರಿನ ಮೇಲೆ ಗಾಳಿ ಎಲ್ಲಿ ನಿಂತಿದೆ ಎಂಬುದರ ಗೆರೆ. ಹೊಸೂರಿನಲ್ಲಿ ಇಳಿದ ಮೇಲೆ ಹತ್ತು ನಿಮಿಷ ಫೋನು ಜೇಬಿನಲ್ಲೇ. ಇದಕ್ಕೂ ಆಧಾರವಿದೆ: ಕತೆ ಕೇಳಿದ ಕೂಡಲೇ 10 ನಿಮಿಷ ಕತ್ತಲ ಕೋಣೆಯಲ್ಲಿ ಸುಮ್ಮನೆ ಕೂತ ಹಿರಿಯರಿಗೆ, ಕೇಳಿದ ಕೂಡಲೇ ಆಟವಾಡಿದ್ದ ಇನ್ನೊಂದು ಕತೆಗಿಂತ ಆ ಕತೆ 7 ದಿನಗಳ ನಂತರವೂ ಹೆಚ್ಚು ನೆನಪಿತ್ತು ಎಂದು 2012ರ ಒಂದು ಅಧ್ಯಯನ ಕಂಡುಕೊಂಡಿದೆ. ರಾಣೆಬೆನ್ನೂರಿನ ಹುಲ್ಲುಗಾವಲಿನ ನಿಜವಾದ ಚಿಗರಿಯೂ, ಅಂದರೆ ಕೃಷ್ಣಮೃಗವೂ, ಓಡುವುದು ಪ್ರಸಂಗ ಬಂದಾಗ ಮಾತ್ರ. ಉಳಿದ ಹೊತ್ತು ಮೇಯುತ್ತದೆ, ಮಲಗಿ ಮೆಲುಕು ಹಾಕುತ್ತದೆ. ಬಸ್ಸಿಗೆ ಹೆಸರಿಟ್ಟವರು ಅರ್ಧ ಪ್ರಾಣಿಯನ್ನು ಮಾತ್ರ ನೋಡಿದ್ದರು ಅನ್ನಿಸುತ್ತದೆ.

ಮೊದಲ ವಾರ ಪ್ರಯಾಣ ಬೇಸರವಾಗುವಷ್ಟು ಉದ್ದವಾಯಿತು, ಸುಳ್ಳು ಹೇಳುವುದಿಲ್ಲ. ಈಗ ಅವ್ವನಿಗೆ ಚಟ ಹತ್ತಿದೆ. ಸಂಜೆ ಚಪ್ಪಲಿ ಬಿಡುವ ಮೊದಲೇ "ಇವತ್ತೇನ ಕಂಡಿ?" ಎಂದು ಕೇಳುತ್ತಾಳೆ. ಮೊನ್ನೆ ವಾರದ್ದೆಲ್ಲ ಬೆರಳು ಮಡಚಿ ಲೆಕ್ಕ ಹಾಕಿ, "ಮಂಗಳವಾರದ್ದು ಹೇಳಿಲ್ಲ ನೀ" ಅಂದಳು.

ಮಂಗಳವಾರ ನಿದ್ದೆ ಹತ್ತಿತ್ತು.