ಓದುಗರ ಪ್ರಶ್ನೆ: ಬಾಣಂತಿ ಗೆಳತಿಗೆ ಗಂಡ ಹೊಡೆಯುತ್ತಾನೆ, ‘ಯಾರಿಗೂ ಹೇಳಬ್ಯಾಡ’ ಅಂದಾಳ. ನಾವೇ ದೂರು ಕೊಡಬಹುದೇ?

ಪ್ರಶ್ನೆ: ನಾವು ಮೂವರೂ ಒಂದೇ ವಾರ್ಡಿನಲ್ಲಿ, ಒಂದೇ ವಾರದಲ್ಲಿ ಹಡೆದವರು. ಲಸಿಕೆ ದಿನ ಸೇರುತ್ತೇವೆ, ಉಳಿದಂತೆ ವಾಟ್ಸ್‌ಆ್ಯಪ್‌ನಲ್ಲೇ ಮಾತು. ಮೊನ್ನೆ ಒಬ್ಬಳ ತೋಳಿನ ಮೇಲೆ, ಕುತ್ತಿಗೆಯ ಹತ್ತಿರ ಕಲೆ ಕಂಡವು. ಗಂಡ ಹೊಡೆದದ್ದು ಎಂದು ಒಪ್ಪಿಕೊಂಡಳು. ‘ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಕೂಸು ಕಸಗೊಂತಾರ’ ಅಂದಳು. ಅವಳ ಪರವಾಗಿ ನಾವು ದೂರು ಕೊಡಬಹುದೇ? (ಕಲಬುರಗಿ ಜಿಲ್ಲೆಯಿಂದ)

ಉತ್ತರ: ಕೊಡಬಹುದು. ಆದರೆ ಯಾವ ಬಾಗಿಲು ತಟ್ಟುತ್ತೀರಿ ಎನ್ನುವುದು ಮುಖ್ಯ. ನೆಟ್ಟಗೆ ಠಾಣೆಗೆ ಹೋದರೆ ‘ಆಕೀನ ಬರಲಿ’ ಎಂದು ವಾಪಸ್ ಕಳಿಸುವ ಸಂಭವವೇ ಹೆಚ್ಚು, ಅದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯಕ್ಕಿದ್ದ ಐಪಿಸಿ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಶಿಕ್ಷೆ ಮೂರು ವರ್ಷದವರೆಗೆ. ಈ ಕಲಮಿನಡಿ ಪೊಲೀಸರು ಎಫ್‌ಐಆರ್ ಹಾಕಬೇಕಾದರೆ ಮಾಹಿತಿ ಕೊಡುವವಳು ನೊಂದ ಹೆಣ್ಣೇ ಆಗಿರಬೇಕು, ಇಲ್ಲವೇ ರಕ್ತದಿಂದ, ಮದುವೆಯಿಂದ ಅಥವಾ ದತ್ತಕದಿಂದ ಅವಳ ಬಂಧುವಾಗಿರಬೇಕು. ಅವಳ ತಾಯಿ ಕೊಡಬಹುದು, ಅಣ್ಣ ಕೊಡಬಹುದು, ವೈನಿ ಕೊಡಬಹುದು. ಒಂದೇ ವಾರ್ಡಿನಲ್ಲಿ ಹಡೆದ ಗೆಳತಿಯರಿಗೆ ಅಲ್ಲಿ ಜಾಗವಿಲ್ಲ.

ನಿಮಗಾಗಿ ತೆರೆದಿರುವುದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ ಅದರ 4ನೇ ಕಲಂ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲದು ಎಂಬ ಮಾತೂ ಅಲ್ಲೇ ಇದೆ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಎಲ್ಲರೂ ಸಿಡಿಪಿಒ ಅನ್ನುವವರೇ, ಸಂರಕ್ಷಣಾಧಿಕಾರಿಗಳು. ಬಾಯಿಮಾತಿನಲ್ಲಿ ಹೇಳಿದರೂ ಅವರು ಬರೆದುಕೊಂಡು ನಿಮ್ಮ ಸಹಿ ಪಡೆದು ಒಂದು ಪ್ರತಿ ಪುಕ್ಕಟೆ ಕೊಡಬೇಕು. ಆ ಪ್ರತಿ ಕೇಳಿ ಇಸಿದುಕೊಳ್ಳಿ. ತುರ್ತಿದ್ದರೆ ಫೋನಿನಲ್ಲಿ ಹೇಳಿದರೂ ನಡೆಯುತ್ತದೆ. ಆಗ ಅಧಿಕಾರಿ ಪೊಲೀಸರ ನೆರವು ಪಡೆದು ಸ್ಥಳಕ್ಕೆ ಹೋಗಬೇಕೆಂದು ನಿಯಮವಿದೆ.

ಅಂಗನವಾಡಿ ಟೀಚರ್ ಮೂಲಕ ಹೇಳಿ ಕಳಿಸುವುದು ಸುಲಭ ಅನ್ನಿಸುತ್ತದೆ, ಅವರೂ ಇದೇ ಇಲಾಖೆಯವರು. ಆದರೆ ಟೀಚರ್ ಅದೇ ಓಣಿಯವರು, ಒಮ್ಮೊಮ್ಮೆ ಅದೇ ಮನೆತನದ ನಂಟರು. ಮಾತು ಸಿಡಿಪಿಒ ಆಫೀಸಿಗಿಂತ ಮೊದಲು ಅತ್ತೆಯ ಕಿವಿಗೆ ಬೀಳುತ್ತದೆ. ತಾಲೂಕು ಆಫೀಸಿಗೇ ಹೋಗಿ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಫೋನ್ ನಿಮ್ಮದೇ ಇರಲಿ. ಅವಳ ಫೋನಿನ ಕಾಲ್ ಪಟ್ಟಿಯನ್ನು ಸಂಜೆ ಯಾರು ನೋಡುತ್ತಾರೋ ಗೊತ್ತಿಲ್ಲ.

ಇದೆಲ್ಲ ಕಾಗದದ ಮಾತು. ಅದಕ್ಕಿಂತ ಮುಂಚೆ ಕುತ್ತಿಗೆಯ ಕಲೆಗೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಅತಿ ಗಂಭೀರವಾದದ್ದು ಅದೇ. ಗಂಟಲು ಹಿಚುಕುವುದು ಕಪಾಳಕ್ಕೆ ಹೊಡೆದಂತಲ್ಲ. ಹೊರಗೆ ಕಲೆ ಮೂಡದೆಯೂ ಒಳಗೆ ರಕ್ತನಾಳಕ್ಕೆ, ಶ್ವಾಸನಾಳಕ್ಕೆ ಪೆಟ್ಟಾಗಿರಬಹುದು. ಅಪಾಯ ಗಂಟೆಗಳು, ದಿನಗಳು ಕಳೆದ ಮೇಲೂ ಎದುರಾಗಬಹುದು. ಒಮ್ಮೆ ಗಂಟಲಿಗೆ ಕೈ ಹಾಕಿದವನು ಮುಂದೆ ಜೀವ ತೆಗೆಯುವ ಸಂಭವ ಬರೀ ಹೊಡೆಯುವವನಿಗಿಂತ ಬಹಳ ಹೆಚ್ಚು ಎಂಬುದು ಇಂಥ ಪ್ರಕರಣಗಳನ್ನು ಅಭ್ಯಾಸ ಮಾಡಿದವರು ಕಂಡುಕೊಂಡದ್ದು. ಹೀಗೆ ಕೇಳಿ: ‘ಕುತ್ತಿಗಿ ಹಿಚಕಿದ್ನೇನು? ಆಗ ಕಣ್ಣಿಗಿ ಕತ್ತಲಿ ಬಂತೇನು? ದನಿ ಒಡದದೇನು? ನುಂಗಲಿಕ್ಕೆ ತ್ರಾಸ ಆಗ್ತದೇನು?’ ಒಂದಕ್ಕೆ ಹೌದೆಂದರೂ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ಕೊಲೆಯತ್ನದ ಹಂತ ಮುಟ್ಟಿದ್ದರೆ, ಅಥವಾ ಎಲುಬು ಮುರಿದಿದ್ದರೆ, ಪೊಲೀಸರಿಗೆ ತಿಳಿಸಲು ಬಂಧುವೇ ಆಗಬೇಕಿಲ್ಲ. ಯಾರಾದರೂ 112 ಒತ್ತಬಹುದು.

ಬಾಣಂತಿಯ ಮೈಗೆ ಇನ್ನೂ ಕೆಲವು ಅಪಾಯಗಳಿವೆ. ಸಿಸೇರಿಯನ್ ಆದವಳ ಹೊಟ್ಟೆಗೆ ಒದೆ ಬಿದ್ದರೆ ಹೊಲಿಗೆ ಒಳಗೇ ಬಿಡಬಹುದು, ಮೇಲಿನ ಚರ್ಮ ಕೂಡಿಕೊಂಡಂತೆಯೇ ಕಾಣುತ್ತದೆ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೋಯುವಷ್ಟು ರಕ್ತ, ಚಳಿಜ್ವರ, ದುರ್ವಾಸನೆಯ ಸ್ರಾವ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ ಅಥವಾ ತೂಕಡಿಕೆ: ಇವುಗಳಲ್ಲಿ ಯಾವುದಿದ್ದರೂ 108. ಕೂಸು ಅವಳ ತೋಳಲ್ಲಿದ್ದಾಗ ಹೊಡೆತ ಬಿದ್ದಿದ್ದರೆ ಕೂಸನ್ನೂ ತೋರಿಸಬೇಕು, ಅದು ಆರಾಮಾಗಿ ಮೊಲೆ ಉಣ್ಣುತ್ತಿದ್ದರೂ ಸರಿ.

ಆಸ್ಪತ್ರೆಯಲ್ಲಿ ಆಗುವ ಎಡವಟ್ಟು ಒಂದೇ, ಆದರೆ ದೊಡ್ಡದು. ‘ಬಚ್ಚಲದಾಗ ಜಾರಿ ಬಿದ್ದೆ’ ಎಂದು ಅವಳು ಹೇಳುತ್ತಾಳೆ, ಜತೆಗೆ ಬಂದ ಅತ್ತೆ ಹೌದೆನ್ನುತ್ತಾಳೆ, ಕೇಸ್ ಶೀಟಿನಲ್ಲಿ ಅದೇ ದಾಖಲಾಗುತ್ತದೆ. ಆರು ತಿಂಗಳ ಮೇಲೆ ಕೋರ್ಟಿನಲ್ಲಿ ಎದುರಿನ ವಕೀಲರು ಮೊದಲು ಎತ್ತಿ ಹಿಡಿಯುವ ಹಾಳೆ ಅದೇ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಅಥವಾ ತಾಲೂಕು ಆಸ್ಪತ್ರೆ, ಎಲ್ಲೇ ಹೋದರೂ ಡಾಕ್ಟರಿಗೆ ‘ಗಂಡ ಹೊಡದಾನ’ ಎಂದು ಸ್ಪಷ್ಟವಾಗಿ ಹೇಳಿ ಎಂಎಲ್‌ಸಿ ಮಾಡಲು ಕೇಳಬೇಕು. ಎಂಎಲ್‌ಸಿ ಎಂದರೆ ಗಾಯ, ಅದು ಆದ ಬಗೆ, ದಿನ, ಹೊತ್ತು ಎಲ್ಲ ದಾಖಲಾಗುವ ರಿಜಿಸ್ಟರ್; ಮುಂದೆ ಗಾಯದ ಸರ್ಟಿಫಿಕೇಟ್ ಬರುವುದು ಅದರಿಂದಲೇ. ಅದರ ನಂಬರನ್ನು ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ದೂರು ತಾ, ಆಮೇಲೆ ಚಿಕಿತ್ಸೆ ಎಂದು ಯಾರೂ ಅನ್ನುವಂತಿಲ್ಲ.

ಫೋಟೋ ತೆಗೆಯುವುದಕ್ಕೂ ಕ್ರಮವಿದೆ. ಒಂದರಲ್ಲಿ ಮುಖ ಮತ್ತು ಗಾಯ ಎರಡೂ ಕಾಣಬೇಕು, ಇನ್ನೊಂದರಲ್ಲಿ ಗಾಯದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹತ್ತಿರದಿಂದ. ಬಾವು ಕಲೆ ಎರಡು ಮೂರು ದಿನ ಕಳೆದ ಮೇಲೆ ಹೆಚ್ಚು ಕಪ್ಪಾಗುತ್ತದೆ, ಆಗ ಮತ್ತೊಮ್ಮೆ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲಕ್ಕಿಂತ ಒಳ್ಳೆಯದು ನಿಮ್ಮದೇ ಫೋನಿನಲ್ಲಿ ತೆಗೆದು ಅಲ್ಲೇ ಇಡುವುದು. ಕೇಸು ಮುಗಿಯುವ ತನಕ ಆ ಫೋನ್ ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡುವಾಗ ಯಾವ ಫೋನಿನಲ್ಲಿ ತೆಗೆದದ್ದು ಎಂದು ಹೇಳಬೇಕಾಗುತ್ತದೆ.

ಇನ್ನು ಅವಳ ಭಯ, ‘ಕೂಸು ಕಸಗೊಂತಾರ’. ಹೆಣ್ಣನ್ನು ಬಾಯಿ ಮುಚ್ಚಿಸುವ ಬೆದರಿಕೆಗಳಲ್ಲಿ ಇದರಷ್ಟು ಪೊಳ್ಳಾದದ್ದು ಇನ್ನೊಂದಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲೂ ಹಸುಗೂಸಿನ ಪಾಲನೆ ತಾಯಿಯದೇ ಹಕ್ಕು. ಕೌಟುಂಬಿಕ ದೌರ್ಜನ್ಯ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯ. ಅದರ 21ನೇ ಕಲಮಿನಡಿ ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಬಹುದು, 23ರಡಿ ಎದುರಿನವರ ವಾದ ಕೇಳುವ ಮೊದಲೇ ಮಧ್ಯಂತರ ಆದೇಶ ಪಡೆಯಬಹುದು. ಆದರೂ ಕೂಸನ್ನು ಬಿಟ್ಟು ಒಬ್ಬಳೇ ಹೊರಬೀಳುವುದು ಬೇಡ. ಹಕ್ಕು ಅವಳದೇ ಆದರೂ ಆದೇಶ ಬರುವ ತನಕ ಮೊಲೆ ಕುಡಿಯುವ ಕೂಸು ಅಲ್ಲಿ, ಹಾಲು ಕಟ್ಟಿದ ತಾಯಿ ಇಲ್ಲಿ ಎಂದಾಗುತ್ತದೆ. ಅದನ್ನೇ ಹಿಡಿದು ರಾಜಿಗೆ ಎಳೆಯುತ್ತಾರೆ.

ಗೆಳತಿಯರಾಗಿ ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ ಲಸಿಕೆ ದಿನ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಅವಳು ಮನೆಯಿಂದ ಹೊರಬಿದ್ದರೆ ಯಾರೂ ಯಾಕೆ ಅನ್ನುವುದಿಲ್ಲ. ಹದಿನಾಲ್ಕು ವಾರ ದಾಟಿದರೆ ಮುಂದಿನ ಲಸಿಕೆ ಒಂಬತ್ತು ತಿಂಗಳಿಗೆ. ನಡುವಿನ ಐದಾರು ತಿಂಗಳು ಹೊರಬರಲು ನೆಪವೇ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯ ಮನೆಭೇಟಿಯೂ (ಆಸ್ಪತ್ರೆ ಹೆರಿಗೆಗೆ 3, 7, 14, 21, 28, 42ನೇ ದಿನ) ಅಷ್ಟರಲ್ಲಿ ವಿರಳವಾಗಿರುತ್ತದೆ. ಆಗ ಅಂಗನವಾಡಿಯಲ್ಲಿ ಕೂಸಿನ ತೂಕ ಹಾಕಿಸುವ ದಿನವನ್ನು ಹಿಡಿಯಿರಿ. ಸಿಡಿಪಿಒ ಭೇಟಿ, ವಕೀಲರ ಭೇಟಿ ಏನಿದ್ದರೂ ಆ ದಿನಗಳಿಗೇ ಜೋಡಿಸಿ.

ಫೋನಿನಲ್ಲಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ‘ಕೂಸಿನ ಕುಂಚಿಗಿ ನಿಮ್ಮ ಮನ್ಯಾಗ ಉಳದದೇನು?’ ಎಂದು ಅವಳು ಕಳಿಸಿದರೆ ನೀವು 112ಕ್ಕೆ ಹಚ್ಚಿ ಅವಳ ಮನೆ ವಿಳಾಸ ಹೇಳಬೇಕು, ಅಷ್ಟೇ. ಅವಳಿಗೆ ತಿರುಗಿ ಫೋನ್ ಮಾಡಬಾರದು. ಒಂದು ಚೀಲ ನಿಮ್ಮ ಮನೆಯಲ್ಲಿರಲಿ: ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಕೂಸಿನ ಜನನ ಪ್ರಮಾಣಪತ್ರ, ಮದುವೆ ಫೋಟೋ, ಪಾಸ್‌ಬುಕ್ ಇವುಗಳ ಜೆರಾಕ್ಸ್, ಜತೆಗೆ ಕೂಸಿನ ಎರಡು ಜೊತೆ ಬಟ್ಟೆ. ಆಧಾರ್ ಮಾತ್ರ ಅಸಲಿಯೇ ಅವಳ ಹತ್ತಿರ ಇರಬೇಕು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಟಿಕೆಟ್ ಸಿಗಬೇಕಲ್ಲ. ಕೈಯಲ್ಲಿ ಸ್ವಲ್ಪ ರೊಕ್ಕವೂ ಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ, ಎಂದರೆ ಹೆಚ್ಚಿನ ಮನೆಗಳಲ್ಲಿ ಅತ್ತೆಗೆ. ಶಕ್ತಿ ಗಡಿ ದಾಟುವುದಿಲ್ಲ, ತವರು ಅಕ್ಕಲಕೋಟೆ, ಉದಗೀರ ಅಥವಾ ತಾಂಡೂರಿನ ಕಡೆ ಇದ್ದರೆ ಬಸ್ ಚಾರ್ಜು ಎಣಿಸಿಡಿ.

ತವರು ಬೇರೆ ಜಿಲ್ಲೆ, ಬೇರೆ ರಾಜ್ಯ ಎಂಬ ಚಿಂತೆ ಬೇಡ. ಅವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ಹಾಕಬಹುದು. ಹೊಡೆತಕ್ಕೆ ಬೇಸತ್ತು ಆಸರೆ ಪಡೆದ ಊರಿನಲ್ಲೇ 498ಎ ದೂರು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ತವರೇ ಬಾಗಿಲು ಮುಚ್ಚಿದರೆ ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ (ನೊಂದ ಹೆಣ್ಣುಮಕ್ಕಳಿಗೆ ನೆರವು, ಆಸರೆ ಕೊಡುವ ಸರ್ಕಾರಿ ಕೇಂದ್ರ) ಕೂಸಿನೊಂದಿಗೆ ಐದು ದಿನದವರೆಗೆ ಇರಬಹುದು. ವಕೀಲರಿಗೆ ದುಡ್ಡು ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ, ಅದರ ಸಹಾಯವಾಣಿ 15100.

ಎಫ್‌ಐಆರ್ ಆದ ಕೂಡಲೇ ಗಂಡನನ್ನು ಒಳಗೆ ಹಾಕುತ್ತಾರೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮೊದಲು ನೋಟಿಸ್ ಕೊಡುವುದೇ ರೂಢಿ. ನೋಟಿಸ್ ತೆಗೆದುಕೊಂಡ ಗಂಡ ಅದೇ ಸಂಜೆ ಮನೆಗೆ ಬರುತ್ತಾನೆ, ಕೋಪ ಇಮ್ಮಡಿಯಾಗಿರುತ್ತದೆ. ಹೀಗಾಗಿ ದೂರು ಕೊಡುವ ದಿನ ಅವಳೂ ಕೂಸೂ ಆ ಮನೆಯಲ್ಲಿ ಇರಬಾರದು, ಅಥವಾ ಸಂರಕ್ಷಣಾ ಆದೇಶ, ಅಂದರೆ ದೌರ್ಜನ್ಯ ಮಾಡಕೂಡದೆಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಕೊಡುವ ಆದೇಶ, ಮೊದಲೇ ಕೈಯಲ್ಲಿರಬೇಕು. ಇದೇ ಕಾರಣಕ್ಕೆ ನಿಮ್ಮ ಗಂಡಂದಿರಿಂದ ಅವನಿಗೆ ‘ಸ್ವಲ್ಪ ಬುದ್ಧಿ ಹೇಳಿಸುವ’ ಯೋಚನೆಯನ್ನೂ ಬಿಡಿ. ಅವನು ಕೇಳಿಸಿಕೊಳ್ಳುವುದು ಬುದ್ಧಿಯನ್ನಲ್ಲ, ಇವಳು ಹೊರಗೆ ಬಾಯಿ ಬಿಟ್ಟಿದ್ದಾಳೆ ಎಂಬುದನ್ನು.

ಹಿರಿಯರು ಕೂತು ‘ಇನ್ನ ಹೊಡಿಯಂಗಿಲ್ಲ’ ಎಂದು ಬಾಂಡ್ ಪೇಪರಿನ ಮೇಲೆ ಬರೆಸುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ಮುರಿದರೆ ಆ ಕಾಗದದಿಂದ ಏನೂ ಆಗದು. ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ ಅರವತ್ತು ದಿನದಲ್ಲಿ ತೀರ್ಮಾನ ಎಂದು ಕಾಯ್ದೆ ಬಯಸುತ್ತದೆ. ಕೋರ್ಟುಗಳಲ್ಲಿ ಅಷ್ಟು ಬೇಗ ಮುಗಿಯುವುದು ಅಪರೂಪ, ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ಅವಳ ಮನಸ್ಸಿನ ಕಡೆಗೂ ಕಣ್ಣಿರಲಿ. ಹೆರಿಗೆಯ ಮೂರು ನಾಲ್ಕನೇ ದಿನ ಬರುವ ಅಳು ಎರಡು ವಾರದಲ್ಲಿ ತಾನೇ ಇಳಿಯುತ್ತದೆ. ಇಳಿಯದೆ ಉಳಿದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಹತ್ತದಿದ್ದರೆ, ಕೂಸನ್ನು ಮುಟ್ಟಲೇ ಬೇಸರವಾದರೆ ಅದು ಬಾಣಂತಿ ಖಿನ್ನತೆ ಇರಬಹುದು, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಮಾತಾಡಿಸಿ. ‘ಸಾಯಬೇಕು ಅನಸ್ತದ’ ಎಂದರೆ, ಅಥವಾ ಇಲ್ಲದ ದನಿ ಕೇಳುತ್ತಿವೆ ಎಂದರೆ, ಒಬ್ಬಳನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಡನ ಮನೆಯವರು ಇದನ್ನೇ ಗಾಳಿ ಸೋಕಿದೆ ಎಂದೋ, ‘ಹುಚ್ಚಿ, ಕೂಸಿನ್ನ ಹೆಂಗ ಸಾಕ್ತಾಳ’ ಎಂದೋ ತಿರುಗಿಸುತ್ತಾರೆ. ಹಿಂದೆ ಚಿಕಿತ್ಸೆ ಪಡೆದದ್ದೊಂದರಿಂದಲೇ ಯಾರನ್ನೂ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ. ಚಿಕಿತ್ಸೆಗೆ ಒಳರೋಗಿಯಾಗಿ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಎರಡೂ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿವೆ.

ಕೊನೆಗೆ, ‘ಹೇಳಬ್ಯಾಡ’ ಎಂದಿರುವಾಗ ಹೇಳಬೇಕೇ? ಗಂಟಲು ಹಿಚುಕಿದ್ದರೆ, ಕೂಸಿಗೆ ಪೆಟ್ಟಾಗಿದ್ದರೆ, ಸಾಯುವ ಮಾತು ಬಂದಿದ್ದರೆ ಅವಳ ಒಪ್ಪಿಗೆಗೆ ಕಾಯಬೇಡಿ. ಅಷ್ಟಿಲ್ಲದಿದ್ದರೆ ಕಾಯಿರಿ; ಅವಳು ಒಪ್ಪದೆ ತಂದ ಅಧಿಕಾರಿಯ ಮುಂದೆ ಅವಳೇ ‘ಏನೂ ಆಗಿಲ್ರೀ’ ಅಂದರೆ ಆ ಮಾತೂ ದಾಖಲಾಗುತ್ತದೆ. ಒಪ್ಪಿ ದೂರು ಕೊಟ್ಟ ಮೇಲೂ ಅವಳು ಗಂಡನ ಮನೆಗೆ ಮರಳಬಹುದು, ಒಂದಲ್ಲ ನಾಲ್ಕು ಸಲ. ಅದಕ್ಕೆ ಮುನಿಸಿಕೊಂಡು ಮಾತು ಬಿಡಬೇಡಿ. ಅದೇ ಮನೆಯಲ್ಲಿದ್ದುಕೊಂಡೇ ಸಂರಕ್ಷಣಾ ಆದೇಶ ಪಡೆಯಲು ಕಾಯ್ದೆ ಅವಕಾಶ ಕೊಡುತ್ತದೆ. ನಡೆದ ದೌರ್ಜನ್ಯದ ವಿವರವನ್ನು ದಾಖಲಿಸಿ ಸಿಡಿಪಿಒ ತಯಾರಿಸಿದ ಕೌಟುಂಬಿಕ ಘಟನಾ ವರದಿಯ ಪ್ರತಿಯನ್ನು, ಅವಳು ರಾಜಿಯಾದರೂ, ಚೀಲದಿಂದ ತೆಗೆಯಬೇಡಿ; ಮುಂದಿನ ಸಲದ ಅರ್ಜಿಗೆ ಅದು ಬೇಕಾಗುತ್ತದೆ.