ಶಿಪ್ ಪೋರ್ಟ್ರೇಟ್ ಅಂದರೆ ಏನು?

ಮನುಷ್ಯರ ಭಾವಚಿತ್ರ ಬರೆಸುವ ಹಾಗೆಯೇ ಹಡಗಿನ ಭಾವಚಿತ್ರವನ್ನೂ ಬರೆಸುತ್ತಿದ್ದ ಕಾಲವೊಂದಿತ್ತು. ಅಂಥ ಚಿತ್ರಕ್ಕೆ ಶಿಪ್ ಪೋರ್ಟ್ರೇಟ್ ಎಂದು ಹೆಸರು. ಅದರಲ್ಲಿರುವುದು ಯಾವುದೋ ಒಂದು ಹಡಗಲ್ಲ, ಹೆಸರು, ಊರು, ಮಾಲೀಕ ಎಲ್ಲ ಇರುವ ಇಂಥದ್ದೇ ಹಡಗು. 19ನೇ ಶತಮಾನದಲ್ಲಿ ಲಿವರ್‌ಪೂಲ್, ಮಾರ್ಸೇ, ನೇಪಲ್ಸ್, ಹಾಂಗ್‌ಕಾಂಗ್ ಬಂದರುಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಚಿತ್ರಗಾರರಿದ್ದರು. ಬರೆಸುತ್ತಿದ್ದವರು ಜಾಸ್ತಿ ಮಾಲೀಕರು, ಕ್ಯಾಪ್ಟನ್‌ಗಳು.

ಹಡಗು ಉದ್ದಕ್ಕೂ ಪಕ್ಕದಿಂದ ಕಾಣಬೇಕು. ಹಾಯಿಗಳಲ್ಲಿ ಗಾಳಿ ತುಂಬಿರಬೇಕು. ಹಿನ್ನೆಲೆಯಲ್ಲಿ ಜಾಗದ ಗುರುತು: ನೇಪಲ್ಸ್‌ನ ಚಿತ್ರವಾದರೆ ವೆಸೂವಿಯಸ್ ಬೆಟ್ಟ, ಲಿವರ್‌ಪೂಲಿನದಾದರೆ ಎಷ್ಟೋ ಸಲ ವೇಲ್ಸ್ ಕರಾವಳಿಯ ಸೌತ್ ಸ್ಟ್ಯಾಕ್ ದೀಪಸ್ತಂಭ. ಅದೇ ಹಡಗನ್ನು ಹಿಂದಿನಿಂದ ಕಂಡಂತೆ ಚಿಕ್ಕದಾಗಿ ಇನ್ನೊಮ್ಮೆ ಬರೆಯುವುದೂ ಇತ್ತು.

ನನಗೆ ತುಂಬ ಇಷ್ಟವಾಗುವುದು ಬಾವುಟಗಳು. 1817ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರೆಡರಿಕ್ ಮ್ಯಾರಿಯಟ್ ವ್ಯಾಪಾರಿ ಹಡಗುಗಳಿಗಾಗಿ ಒಂದು ಸಂಕೇತ ಪುಸ್ತಕ ತಂದರು, ಅಂದರೆ ಬಾವುಟ ಹಾರಿಸಿ ವಿಷಯ ತಿಳಿಸುವ ಪದ್ಧತಿ. ಅದರಲ್ಲಿ ಒಂದೊಂದು ಹಡಗಿಗೂ ಒಂದು ನಂಬರ್, ಒಂದೊಂದು ಅಂಕಿಗೂ ಒಂದು ಬಾವುಟ. 1857ರ ಹೊಸ ಪದ್ಧತಿಯಲ್ಲಿ ಅಂಕಿಗಳ ಜಾಗಕ್ಕೆ ಅಕ್ಷರಗಳು ಬಂದವು. ಚಿತ್ರಗಾರ ಇವುಗಳ ಬಣ್ಣ, ಸಾಲು ತಪ್ಪದೆ ಬರೆದಿದ್ದರೆ, ಹೆಸರು ಅಳಿಸಿಹೋದ ಚಿತ್ರದಲ್ಲೂ ಹಡಗು ಯಾವುದೆಂದು ಪತ್ತೆ ಹಚ್ಚಬಹುದು. ಯಾವ ಪದ್ಧತಿಯ ಬಾವುಟ ಎಂಬುದರಿಂದ ಚಿತ್ರದ ಕಾಲದ ಬಗ್ಗೆಯೂ ಸುಳಿವು ಸಿಗುತ್ತದೆ. ಕಂಪನಿಯ ಬಾವುಟ ಬೇರೆಯೇ ಇರುತ್ತದೆ. ಅದು ಮಾಲೀಕರು ಯಾರೆಂದು ಹೇಳುತ್ತದೆ.

ಈ ಕಸುಬಿನಲ್ಲಿ ದೊಡ್ಡ ಹೆಸರು ಆಂಟೋನಿಯೊ ಜೇಕಬ್ಸನ್ (1850–1921). ಕೋಪನ್‌ಹೇಗನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮೊದಲು ತಿಜೋರಿಗಳ ಮೇಲೆ ಅಲಂಕಾರದ ಚಿತ್ರ ಬರೆಯುತ್ತಿದ್ದರು. ಆಮೇಲೆ ಹಾಯಿ ಹಡಗು, ಉಗಿ ಹಡಗು ಎನ್ನದೆ ಸಾವಿರಾರು ಹಡಗುಗಳನ್ನು ಬರೆದರು.

ಇವು ಕಲೆಯಲ್ಲ, ಸುಮ್ನೆ ದಾಖಲೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲೆ, ಮೋಡ ಎಷ್ಟೋ ಚಿತ್ರಗಳಲ್ಲಿ ಒಂದೇ ಥರ ಇರುತ್ತವೆ, ನಿಜ. ಆದರೆ ಹಾಯಿಕಂಬದಿಂದ ಇಳಿಯುವ ಹಗ್ಗಗಳನ್ನು ನೋಡಿ. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದೊಂದಕ್ಕೂ ಒಂದು ಕೆಲಸ. ಆ ಹಡಗಿನಲ್ಲೇ ಬದುಕಿದ ಕ್ಯಾಪ್ಟನ್ ಮುಂದೆ ನಿಂತು ನೋಡುವಾಗ ತಪ್ಪು ಗೆರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಅಲ್ವಾ? ಅಷ್ಟು ಬಲ್ಲವರ ಕಣ್ಣಿಗೆ ಸರಿ ಎನಿಸುವಂತೆ ಬರೆಯುವುದಕ್ಕೆ ಕೈಚಳಕವೂ ಬೇಕು, ಹಡಗಿನ ತಿಳಿವಳಿಕೆಯೂ ಬೇಕು.